ವಿದ್ಯಾರ್ಥಿಗಳ ಕಿರುಚಿತ್ರದ ಸುದ್ದಿಯನ್ನು ಮಕ್ಕಳೊಡನೆ ಓದುವುದು ಹೇಗೆ?

ಗೌರಿಬಿದನೂರಿನ ವಿದ್ಯಾರ್ಥಿಗಳು ವಿದುರಾಶ್ವತ್ಥದ ಧ್ವಜ ಸತ್ಯಾಗ್ರಹವನ್ನು, ಅಂದರೆ ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಧ್ವಜ ಹಾರಿಸಲು ಜನ ನಡೆಸಿದ ಹೋರಾಟವನ್ನು ಕುರಿತು ಕಿರುಚಿತ್ರ ತಯಾರಿಸಿದ್ದಾರೆ ಎಂಬ ವರದಿಯನ್ನು ಆರನೇ ತರಗತಿಯ ಮಗುವಿನೊಡನೆ ಓದಲು ಕುಳಿತಿದ್ದೀರಿ ಎಂದಿಟ್ಟುಕೊಳ್ಳೋಣ. ಮೊದಲ ಸಲ ಮಗುವೇ ಗಟ್ಟಿಯಾಗಿ ಓದಲಿ. ನಡುವೆ ತಡೆಯಬೇಡಿ, ಅದು ತಡವರಿಸಿದ ಪದಗಳ ಕೆಳಗೆ ಗೆರೆ ಎಳೆದರೆ ಸಾಕು.

ಆಮೇಲೆ ಆ ಪದಗಳಿಗೆ ಬನ್ನಿ. ‘ಸಂಕಲನ’ ಎಂದರೆ ಮಗುವಿಗೆ ಗೊತ್ತಿರುವುದು ಗಣಿತದ ಕೂಡುವ ಲೆಕ್ಕ. ಸಿನಿಮಾದಲ್ಲಿ ಅದು ಚಿತ್ರೀಕರಿಸಿದ ದೃಶ್ಯಗಳಲ್ಲಿ ಬೇಕಾದುದನ್ನು ಆರಿಸಿ, ಉಳಿದುದನ್ನು ಕತ್ತರಿಸಿ, ಕ್ರಮವಾಗಿ ಜೋಡಿಸುವ ಕೆಲಸ. ಮೊಬೈಲಿನಲ್ಲಿರುವ ಊರಜಾತ್ರೆಯ ಹತ್ತು ಫೋಟೊಗಳನ್ನು ತೋರಿಸಿ, ನಾಲ್ಕನ್ನೇ ಬಳಸಿ ಜಾತ್ರೆಯ ಕಥೆ ಹೇಳಲು ಕೇಳಿ. ಕೈಬಿಟ್ಟ ಆರರಲ್ಲಿಯೂ ಜಾತ್ರೆಯಿತ್ತು ಎಂಬುದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು, ವಾಕ್ಯದ ತುದಿಯನ್ನು ಗಮನಿಸುವ ಅಭ್ಯಾಸ. ‘ಚಿತ್ರವು ಹಿರಿಯರ ನೆನಪುಗಳನ್ನು ಆಧರಿಸಿದೆ’ ಎಂದು ಬರೆದಿದ್ದರೆ ಆ ಮಾತಿಗೆ ವರದಿಗಾರರೇ ಹೊಣೆ. ‘ಆಧರಿಸಿದೆ ಎಂದು ನಿರ್ದೇಶಕಿ ತಿಳಿಸಿದರು’ ಎಂದಿದ್ದರೆ ಅದು ನಿರ್ದೇಶಕಿಯ ಮಾತು. ‘ಆಧರಿಸಿದೆ ಎನ್ನಲಾಗಿದೆ’ ಎಂದಿದ್ದರೆ ಹೇಳಿದವರು ಯಾರೆಂಬುದೇ ಅಲ್ಲಿಲ್ಲ. ಕನ್ನಡದಲ್ಲಿ ಈ ಸುಳಿವು ಬಹುಮಟ್ಟಿಗೆ ಕೊನೆಯ ಒಂದೆರಡು ಪದಗಳಲ್ಲಿರುತ್ತದೆ, ಮಕ್ಕಳೋ ಅಲ್ಲಿಗೆ ಬರುವಷ್ಟರಲ್ಲಿ ಮುಂದಿನ ಸಾಲಿಗೆ ಓಡಿರುತ್ತಾರೆ. ಆದ್ದರಿಂದ ಈ ಮೂರು ಬಗೆಯ ವಾಕ್ಯಗಳಿಗೆ ಮೂರು ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿಸಿ, ಅವಸರ ಮಾಡಬೇಡಿ.

ಇನ್ನು ವರದಿಯ ಹೊರಗೆ ಪರಿಶೀಲಿಸಬಹುದಾದ ಸಂಗತಿಗಳು. ವಿದುರಾಶ್ವತ್ಥದಲ್ಲಿ ಧ್ವಜಾರೋಹಣಕ್ಕೆಂದು ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು 1938ರ ಏಪ್ರಿಲ್ 25ರಂದು. ಹಳೆಯ ಪುಸ್ತಕಗಳಲ್ಲಿ ಈ ಊರು ಕೋಲಾರ ಜಿಲ್ಲೆಯದೆಂದು ಇರುವುದನ್ನು ಕಂಡು ಮಗು ಗೊಂದಲಗೊಂಡರೆ, ಊರು ಈಗ ಸೇರಿರುವ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ ಎಂದು ತಿಳಿಸಿ. ಮಡಿದವರ ಸಂಖ್ಯೆಯ ವಿಷಯದಲ್ಲಿ ಮಾತ್ರ ಅಂದಿನ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಇದನ್ನು ಮಗುವಿನಿಂದ ಮುಚ್ಚಿಡಬಾರದು. ಚಿತ್ರ ಯಾವ ಸಂಖ್ಯೆಯನ್ನು ಆರಿಸಿಕೊಂಡಿದೆ, ಏಕೆ, ವರದಿ ಅದನ್ನು ಹೇಳಿದೆಯೇ ಎಂದು ಜೊತೆಯಲ್ಲೇ ಹುಡುಕಿ.

ಉತ್ತರ ಸಿಗದ ಪ್ರಶ್ನೆಗಳನ್ನು ಮಗು ತನ್ನದೇ ಮಾತಿನಲ್ಲಿ ಪತ್ರಿಕೆಯ ಅಂಚಿನಲ್ಲಿ ಬರೆಯಲಿ. ಆ ಚಿತ್ರದ ಪ್ರದರ್ಶನಕ್ಕೆ ಹೋಗುವ ಅವಕಾಶ ಸಿಕ್ಕರೆ ಆ ಹಾಳೆಯನ್ನು ಕೈಯಲ್ಲಿ ಹಿಡಿದೇ ಹೋಗಲಿ.