12 ಇಂಚಿನ ಒಂದೇ ಸ್ಪೀಕರು, ಮನೆಗೂ ವೇದಿಕೆಗೂ: ಬೇಸ್ ಆಂಪ್ ಆರಿಸಿಕೊಂಡ ನನ್ನ ಅನುಭವ

ಬೇಸ್ ಗಿಟಾರಿಗೆ 12 ಇಂಚಿನ ಒಂದೇ ಸ್ಪೀಕರು ಸಾಲದು, ಡೋಲಕ್, ಆಕ್ಟೋಪ್ಯಾಡ್ (ವಿದ್ಯುನ್ಮಾನ ತಾಳವಾದ್ಯ), ಕೀಬೋರ್ಡುಗಳ ನಡುವೆ ಅದು ಕೇಳಿಸುವುದೇ ಇಲ್ಲ ಎಂದು ಮುಂಬಯಿಯ ನಮ್ಮ ತಂಡದವರೆಲ್ಲ ಒಂದೇ ಬಾಯಿಯಲ್ಲಿ ಹೇಳಿದ್ದರು. ಎರಡು ವರ್ಷಕ್ಕೂ ಮಿಕ್ಕಿ ಅದೇ ಒಂದು ಪೆಟ್ಟಿಗೆಯಲ್ಲಿ ಡೊಂಬಿವಲಿಯ ಮನೆಯ ಅಭ್ಯಾಸವನ್ನೂ, ಮಾಟುಂಗ, ಮಾಹಿಮ್, ವಾಶಿಗಳಲ್ಲಿ ನಡೆಯುವ ಸುಗಮ ಸಂಗೀತ ಮತ್ತು ಚಿತ್ರಗೀತೆಗಳ ಕಾರ್ಯಕ್ರಮಗಳನ್ನೂ, ಗಣೇಶೋತ್ಸವದ ಪೆಂಡಾಲುಗಳನ್ನೂ ನಿಭಾಯಿಸಿದ್ದೇನೆ. ಅಂದು ಬೇಡವೆಂದವರಲ್ಲಿ ಇಬ್ಬರು ಈಗ ಅದೇ ಅಳತೆಯ ಪೆಟ್ಟಿಗೆಯನ್ನು ಮಾಡಿಸಿಕೊಂಡಿದ್ದಾರೆ. ಆದ್ದರಿಂದ ಇದನ್ನು ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಮೊದಲು ಕೈಗೆ ಬಂದದ್ದು 8 ಇಂಚಿನ ಸ್ಪೀಕರಿನ 20 ವ್ಯಾಟಿನ ಕಾಂಬೊ, ಅಂದರೆ ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ ಸಾಧನ. ಎಂಟು ಸಾವಿರದ ಆಸುಪಾಸಿನಲ್ಲಿ ಸಿಕ್ಕ ಅದು ಮನೆಯಲ್ಲಿ ಸೊಗಸಾಗಿ ನುಡಿಯುತ್ತಿತ್ತು. ತಂಡದ ನಡುವೆ ಇಟ್ಟು ವಾಲ್ಯೂಮ್ ಮುಕ್ಕಾಲಿಗೆ ಏರಿಸಿದರೆ ಎಲ್ಲಕ್ಕಿಂತ ದಪ್ಪನೆಯ, ಕೆಳಸ್ವರದ ಇ ತಂತಿಯ ಸ್ವರವೆಲ್ಲ ಕಾಗದ ಹರಿದ ಸದ್ದಾಗುತ್ತಿತ್ತು. ಅದಾದ ಮೇಲೆ ಪರಿಚಯದವರೊಬ್ಬರಿಂದ 15 ಇಂಚಿನ ಹಳೆಯ ಕಾಂಬೊ ಕೊಂಡೆ. ಅದಕ್ಕೆ ಹದಿನೆಂಟೋ ಇಪ್ಪತ್ತೋ ಸಾವಿರ ಹೋಯಿತು. ಅದರ ನಾದದ ಬಗ್ಗೆ ಇಂದಿಗೂ ನನ್ನ ತಕರಾರಿಲ್ಲ. ಆದರೆ 30 ಕಿಲೋ ಮೀರಿದ ಆ ವಸ್ತುವನ್ನು ಲೋಕಲ್ ಗಾಡಿಯ ಲಗೇಜ್ ಡಬ್ಬಿಗೆ ಏರಿಸಲು ಇನ್ನೊಬ್ಬರ ಕೈ ಬೇಕು, ಇಳಿಸಲು ಮತ್ತೊಬ್ಬರ ಕೈ ಬೇಕು, ನಿಲ್ದಾಣದ ಸೇತುವೆ ಹತ್ತಲು ಹಮಾಲಿಯೇ ಬೇಕು. ಟ್ಯಾಕ್ಸಿ ಹಿಡಿದರೆ ಡೊಂಬಿವಲಿಯಿಂದ ಮಾಟುಂಗಕ್ಕೆ ಹೋಗಿಬರುವ ಬಾಡಿಗೆಯೇ ಕಾರ್ಯಕ್ರಮದ ಸಂಭಾವನೆಯ ಅರ್ಧವನ್ನು ನುಂಗುತ್ತಿತ್ತು. ಐದಾರು ಸಾವಿರ ನಷ್ಟದಲ್ಲಿ ಅದನ್ನು ಮಾರಿದೆ. ಬಳಿಕ ಗಿಟಾರಿನ ಸಂಕೇತವನ್ನು ಹದಗೊಳಿಸುವ ಪ್ರಿಆಂಪ್ ಪೆಡಲಿನೊಡನೆ ಪಿಎ (ಸಭಿಕರಿಗೆ ಕೇಳಿಸುವ ಧ್ವನಿವರ್ಧಕ) ವ್ಯವಸ್ಥೆಯ ಪವರ್ಡ್ ಸ್ಪೀಕರನ್ನು, ಅಂದರೆ ಒಳಗೇ ಆಂಪ್ ಇರುವ ಸ್ಪೀಕರನ್ನು, ಬಳಸಿಯೂ ನೋಡಿದೆ. ಹೊರಗೆ ಬರೆದಿದ್ದ ಸಾವಿರ ವ್ಯಾಟಿನ ಅಂಕಿಗೂ ಒಳಗಿನ ವಾಸ್ತವಕ್ಕೂ ಬಹಳ ಅಂತರವಿತ್ತು. ಮಂದ್ರದ ಸ್ವರವನ್ನು ಒತ್ತಿ ನುಡಿಸಿದೊಡನೆ ಸದ್ದು ಮಿತಿಮೀರದಂತೆ ತಡೆಯುವ ಲಿಮಿಟರ್ ಎಲ್ಲವನ್ನೂ ಅಮುಕಿಬಿಡುತ್ತಿತ್ತು. ಕಾರಿನ ಸಬ್‌ವೂಫರನ್ನು ಪೆಟ್ಟಿಗೆಗೆ ಜೋಡಿಸಿದ ಪ್ರಯೋಗವೊಂದೂ ನಡೆಯಿತು. ಅಂಥ ಸ್ಪೀಕರಿನ ಸಂವೇದನೆ (ಕೊಟ್ಟ ವ್ಯಾಟಿಗೆ ಹೊರಡುವ ಸದ್ದು) ತೀರ ಕಡಿಮೆ, ಮಧ್ಯಮ ಆವರ್ತನಗಳು ಅದರಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಅದನ್ನು ವಿವರಿಸುವ ಅಗತ್ಯವಿಲ್ಲ.

ಇಷ್ಟಾದ ಮೇಲೆ ವ್ಯಾಟ್ ನೋಡುವುದನ್ನು ಬಿಟ್ಟು, ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಸ್ಪೀಕರು ಎಷ್ಟು ಡೆಸಿಬೆಲ್ ಕೊಡುತ್ತದೆ ಎಂಬುದನ್ನು ಮಾತ್ರ ನೋಡತೊಡಗಿದೆ. ವ್ಯಾಟ್ ಇಮ್ಮಡಿಯಾದರೆ ಸಿಗುವುದು 3 ಡೆಸಿಬೆಲ್. ಕಿವಿಗೆ ಇಮ್ಮಡಿ ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ನನ್ನ ಹಳೆಯ 8 ಇಂಚಿನ ಸ್ಪೀಕರಿನದು 89ರ ಆಸುಪಾಸು, ಈಗಿನ 12 ಇಂಚಿನದು ಕಾಗದದ ಮೇಲೆ 98. ಈ 9 ಡೆಸಿಬೆಲ್ಲಿನ ಅಂತರವನ್ನು ಆಂಪಿನಿಂದಲೇ ತುಂಬಿಸಲು ಹೊರಟರೆ 20 ವ್ಯಾಟಿನ ಜಾಗದಲ್ಲಿ 160 ವ್ಯಾಟ್ ಬೇಕಾಗುತ್ತಿತ್ತು, ಮತ್ತು ಆ ಬಡ 8 ಇಂಚಿನ ಸ್ಪೀಕರು ಅಷ್ಟು ಹೊತ್ತಿಗೆ ಸುಟ್ಟೇ ಹೋಗುತ್ತಿತ್ತು. ಒಂದೇ ಸ್ಪೀಕರಿನ ಮೇಲೆ ನನಗೆ ನಂಬಿಕೆ ಹುಟ್ಟಿಸಿದ ಇನ್ನೊಂದು ಸಂಗತಿ ಇತಿಹಾಸದ್ದು. 1960ರಲ್ಲಿ ಬಂದ ಆಂಪೆಗ್ ಸಂಸ್ಥೆಯ ಬಿ-15 ಬೇಸ್ ಆಂಪಿನಲ್ಲಿ ಇದ್ದದ್ದು 15 ಇಂಚಿನ ಒಂದೇ ಸ್ಪೀಕರು, ವ್ಯಾಟ್ ಮೂವತ್ತರೊಳಗೆ. ಅಮೆರಿಕದ ಮೊಟೌನ್ ರೆಕಾರ್ಡ್ ಸಂಸ್ಥೆಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಸಣ್ಣ ಕ್ಲಬ್ಬುಗಳಲ್ಲಿ ಅದನ್ನೇ ಬಳಸಿದರು. ಅದೇ ಸಂಸ್ಥೆ 1969ರಲ್ಲಿ 300 ವ್ಯಾಟಿನ ಎಸ್‌ವಿಟಿಯನ್ನು ತಂದದ್ದು ದೊಡ್ಡ ವೇದಿಕೆಗಳಿಗಾಗಿ, ಅಂದಿನ ಪಿಎ ಬೇಸನ್ನು ಹೊರುವಷ್ಟು ಗಟ್ಟಿಯಾಗಿರಲಿಲ್ಲವೆಂದು. ಇಂದು ಮುಂಬಯಿಯ ಯಾವ ಸಭಾಗೃಹಕ್ಕೆ ಹೋದರೂ ಡಿಐ, ಅಂದರೆ ಗಿಟಾರಿನ ಸಂಕೇತವನ್ನು ನೇರವಾಗಿ ಕೊಂಡೊಯ್ಯುವ ತಂತಿ, ಮಿಕ್ಸರಿಗೆ ಹೋಗುತ್ತದೆ. ವೇದಿಕೆಯ ಮೇಲಿನ ಆಂಪ್ ನನಗೂ ಪಕ್ಕದ ತಬಲಾದವರಿಗೂ ಕೇಳಿಸಿದರೆ ಅದರ ಕೆಲಸ ಮುಗಿಯಿತು.

ಹೆಡ್ಡನ್ನು, ಅಂದರೆ ಸ್ಪೀಕರಿಲ್ಲದ ಬಿಡಿ ಆಂಪನ್ನು, ಬಳಸಿದ್ದನ್ನೇ ಕೊಂಡೆ, ಇಪ್ಪತ್ತೆರಡು ಸಾವಿರದ ಆಸುಪಾಸು. 4 ಓಮಿನ (ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರು ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ 300 ವ್ಯಾಟ್, ನನ್ನ 8 ಓಮಿನ ಪೆಟ್ಟಿಗೆಗೆ 160-180 ಬರಬಹುದು. ತೂಕ ಎರಡು ಕಿಲೋ ಇಲ್ಲ. ವಿದೇಶದಿಂದ ಬಂದ ಹೆಡ್ ಕೊಳ್ಳುವವರು ಹಿಂಬದಿಯಲ್ಲಿ 230 ವೋಲ್ಟ್ ಎಂದಿದೆಯೇ ನೋಡಿಕೊಳ್ಳಬೇಕು. 120 ವೋಲ್ಟಿನದಾದರೆ ಅದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರ್ ಹೆಡ್ಡಿಗಿಂತ ಹೆಚ್ಚು ತೂಗುತ್ತದೆ.

ಪೆಟ್ಟಿಗೆಯನ್ನು ಮಾತ್ರ ನಾನೇ ಮಾಡಿಸಿದೆ. ನಿಯೋಡಿಮಿಯಮ್ ಅಯಸ್ಕಾಂತದ 12 ಇಂಚಿನ ಡ್ರೈವರಿಗೆ (ಬಿಡಿ ಸ್ಪೀಕರಿಗೆ) ಹದಿನಾಲ್ಕು ಸಾವಿರ ಚಿಲ್ಲರೆ, 12 ಮಿಲಿಮೀಟರ್ ಪ್ಲೈವುಡ್, ಹಿಡಿಕೆ, ಜಾಲರಿ, ಬಡಗಿಯ ಕೂಲಿ ಎಲ್ಲ ಸೇರಿ ಆರೂವರೆ ಸಾವಿರ. ಒಳಗಿನ ಗಾತ್ರ 50 ಲೀಟರಿಗೆ ತುಸು ಕಡಿಮೆ. ಮೊದಲ ಪೆಟ್ಟಿಗೆಯನ್ನು ಬಡಗಿ ಮರದ ನಾರನ್ನು ಒತ್ತಿ ಮಾಡಿದ ಹಲಗೆಯಾದ ಎಂಡಿಎಫ್‌ನಲ್ಲಿ ಮಾಡಿಕೊಟ್ಟಿದ್ದರು. ಒಂದು ಮಳೆಗಾಲದಲ್ಲಿ ಅದರ ಅಂಚುಗಳು ಉಬ್ಬಿ ಮೊಳೆಗಳು ಹಿಡಿತ ಬಿಟ್ಟವು, ನಾಲ್ಕು ಸಾವಿರ ನೀರಿಗೆ ಹೋಯಿತು. ಪ್ಲೈವುಡ್ಡಿನ ಎರಡನೆಯ ಪೆಟ್ಟಿಗೆಯ ಒಳಗೆ ಅಡ್ಡಪಟ್ಟಿ ಹಾಕಿಸಿ, ಗೋಡೆಗಳಿಗೆ ಪಾಲಿಯೆಸ್ಟರ್ ಹತ್ತಿ ಹೊದಿಸಿದೆ. ಪೆಟ್ಟಿಗೆಯ ಗಾಳಿ ಹೊರಬರುವ ಕೊಳವೆಯಾದ ಪೋರ್ಟಿನ ಉದ್ದವನ್ನೂ, ಅದರ ಬಾಯಿ ಪೆಟ್ಟಿಗೆಯ ಯಾವ ಮಗ್ಗುಲಿನಲ್ಲಿದೆ ಎಂಬುದನ್ನೂ ಇಲ್ಲಿ ಹೇಳುವುದಿಲ್ಲ. ಅದಕ್ಕಾಗಿ ಎಷ್ಟೋ ರವಿವಾರಗಳನ್ನು ಕಳೆದಿದ್ದೇನೆ. ಡ್ರೈವರಿನ ಅಳತೆಗಳನ್ನು ಹಿಡಿದು ಲೆಕ್ಕ ಹಾಕಿದವರಿಗೆ ಅದರ ಹತ್ತಿರದ ಉತ್ತರ ಸಿಗುತ್ತದೆ. ಒಟ್ಟು ತೂಕ 11 ಕಿಲೋ. ಒಂದು ಕೈಯಲ್ಲಿ ಪೆಟ್ಟಿಗೆ, ಬೆನ್ನಿಗೆ ಗಿಟಾರ್, ಚೀಲದಲ್ಲಿ ಹೆಡ್, ಹೀಗೆ ಕುರ್ಲಾದಲ್ಲಿ ಗಾಡಿ ಬದಲಿಸಿ ಮಾಟುಂಗದಲ್ಲಿ ಇಳಿಯುವುದಕ್ಕೆ ಈಗ ಯಾರ ಸಹಾಯವೂ ಬೇಡ.

ಇಡೀ ವ್ಯವಸ್ಥೆಯನ್ನು ಗೆಲ್ಲಿಸಿದ್ದು ನಾಲ್ಕು ಸಾವಿರದೊಳಗೆ ಕೂಡಿಸಿದ ಒಂದು ಹೈ-ಪಾಸ್ ಫಿಲ್ಟರ್, ಅಂದರೆ ತೀರ ಕೆಳಗಿನ ಆವರ್ತನಗಳನ್ನು ಕತ್ತರಿಸುವ ಸಾಧನ. ಒಂದೇ ಮಟ್ಟದ ಸದ್ದು ಬೇಕಾದರೆ ಪ್ರತಿ ಸಪ್ತಕ ಕೆಳಗಿಳಿದಂತೆ ಸ್ಪೀಕರಿನ ಅದುರುವ ಪರದೆ, ಅಂದರೆ ಕೋನ್, ನಾಲ್ಕು ಪಟ್ಟು ಚಲಿಸಬೇಕು. ಪೋರ್ಟಿನ ಶ್ರುತಿಗಿಂತ ಕೆಳಗೆ ಅದಕ್ಕೆ ಗಾಳಿಯ ತಡೆಯೂ ಇರುವುದಿಲ್ಲ. ತಂತಿಯ ಮೇಲೆ ಅಂಗೈ ಇಟ್ಟಾಗಿನ ಧಡ್ಡೆನ್ನುವ ಸದ್ದು, ವೇದಿಕೆಯ ಹಲಗೆ ನಡುಗಿ ಗಿಟಾರಿನೊಳಗೆ ಬರುವ ಕಂಪನ ಇವೆಲ್ಲ ಅಲ್ಲಿಯೇ ವ್ಯಾಟ್ ತಿನ್ನುತ್ತವೆ. ಇ ತಂತಿಯ ಮೂಲಸ್ವರ 41 ಹರ್ಟ್ಸ್ ನಿಜ, ಆದರೆ ನಮ್ಮ ಕಿವಿ ಅದನ್ನು ಹೆಚ್ಚಾಗಿ 82 ಹರ್ಟ್ಸಿನ ಎರಡನೆಯ ಹಾರ್ಮೋನಿಕ್ಕಿನಿಂದ, ಅದರ ಮೇಲಿನವುಗಳಿಂದ ಗುರುತಿಸುತ್ತದೆ. ನಲವತ್ತರ ಸುತ್ತಿನಿಂದ ಕೆಳಗನ್ನು ಕಡಿದಾಗಿ ಕತ್ತರಿಸಿದ ಮೇಲೆ ಅದೇ ಪೆಟ್ಟಿಗೆ ಎರಡು ಗೆರೆ ಹೆಚ್ಚು ವಾಲ್ಯೂಮನ್ನು ಬಿರುಕಿಲ್ಲದೆ ಕೊಟ್ಟಿತು. ನನ್ನ ಫಿಲ್ಟರಿನ ಸರಿಯಾದ ಅಂಕಿಯನ್ನು ಕಂಠಪಾಠ ಮಾಡಿದ ಬಂದಿಶಿನಂತೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮನೆಯದು ಬೇರೆಯೇ ಕಥೆ. ನನ್ನ ಅಭ್ಯಾಸದ ಕೋಣೆ 10 ಅಡಿ ಉದ್ದ. ತೆರೆದ ಎ ತಂತಿಯನ್ನು ಮೀಟಿದರೆ ಕಿಟಕಿಯ ಗಾಜು ಅದುರುತ್ತಿತ್ತು, ಪಕ್ಕದ ಸ್ವರಗಳು ಸಪ್ಪಗಿರುತ್ತಿದ್ದವು. ಗಿಟಾರಿನ ದೋಷವೆಂದು ತಿಳಿದು ಪಿಕಪ್ ಬದಲಿಸುವಂತೆ ಸಲಹೆ ಕೊಟ್ಟವರೂ ಇದ್ದರು. ಲೆಕ್ಕ ಹಾಕಿದರೆ ಎದುರು ಬದುರಿನ ಗೋಡೆಗಳ ನಡುವಿನ 10 ಅಡಿಗೆ ಕೋಣೆಯ ಅನುರಣನ 56 ಹರ್ಟ್ಸ್. ಎ ತಂತಿ 55. ಪೆಟ್ಟಿಗೆಯನ್ನು ಮೂಲೆಯಿಂದ ತೆಗೆದು ಆ ಉದ್ದದ ನಟ್ಟನಡುವೆ, ಉದ್ದಗೋಡೆಗೆ ಬೆನ್ನು ಮಾಡಿ ಇಟ್ಟೊಡನೆ ಆ ಗುಂಯ್ಗುಡುವಿಕೆ ಅಡಗಿತು, ಏಕೆಂದರೆ ಆ ಜಾಗದಿಂದ ಆ ಅನುರಣನವನ್ನು ಕೆರಳಿಸಲು ಸ್ಪೀಕರಿಗೆ ಆಗುವುದಿಲ್ಲ. ಕೇಳುವವರೂ ನಡುವೆಯೇ ಕುಳಿತರೆ ಎ ಸ್ವರ ಪೂರ್ತಿ ಮಾಯವಾದಂತಾಗುತ್ತದೆ, ಆದ್ದರಿಂದ ನಾನು ಎರಡಡಿ ಸರಿದು ಕೂರುತ್ತೇನೆ. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಗಟ್ಟಿ ಮಣೆಯ ಮೇಲೆ, ಮಣೆಯ ಕೆಳಗೆ ದಪ್ಪ ರಬ್ಬರ್ ತುಂಡುಗಳನ್ನು ಕೊಟ್ಟು ಇಟ್ಟ ಮೇಲೆ ಕೆಳಮನೆಯವರ ದೂರು ನಿಂತಿತು. ರಾತ್ರಿ 10ರ ಮೇಲೆ ಹೆಡ್‌ಫೋನ್ ಬಿಟ್ಟರೆ ಬೇರೆ ದಾರಿಯಿಲ್ಲ, ಅದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ.

ಪೆಂಡಾಲುಗಳಲ್ಲಿ ಎದುರಾದ ದೊಡ್ಡ ಕಾಟ ಜನರೇಟರಿನ ಗುಂಯ್ ಸದ್ದು. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಇ ತಂತಿಯ ಮೂರನೆಯ ಮೆಟ್ಟಿಲಿನ (ಫ್ರೆಟ್ಟಿನ) ಜಿ ಸ್ವರಕ್ಕೆ, ಅಂದರೆ 49 ಹರ್ಟ್ಸಿಗೆ, ಅಂಟಿಕೊಂಡೇ ಇರುವುದರಿಂದ ಹಾಡು ಜಿ ಶ್ರುತಿಯಲ್ಲಿದ್ದರೆ ಎರಡೂ ಸೇರಿ ಅಲೆಯಲೆಯಾಗಿ ಕೇಳುತ್ತವೆ. ಕೆಲವರು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನೇ ಮುರಿದುಬಿಡುತ್ತಾರೆ. ಒದ್ದೆ ನೆಲದ ಮೇಲೆ ತಂತಿ ಹಿಡಿದು ನಿಲ್ಲುವವರು ಹಾಗೆ ಎಂದಿಗೂ ಮಾಡಬಾರದು. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆಯೊಂದನ್ನು ಮೂರು ಸಾವಿರಕ್ಕೆ ತಂದು ಅದರ ಗ್ರೌಂಡ್ ಲಿಫ್ಟ್ ಗುಂಡಿಯನ್ನು (ಮಿಕ್ಸರಿನ ಕಡೆಗಿನ ಗ್ರೌಂಡ್ ಸಂಪರ್ಕವನ್ನು ಬಿಡಿಸುವುದು) ಒತ್ತುತ್ತೇನೆ, ಅಷ್ಟರಿಂದಲೇ ಬಹುಪಾಲು ಸರಿಹೋಗುತ್ತದೆ. ಮಿಕ್ಸರಿಗೆ ಕೊಡುವ ಸಂಕೇತವನ್ನು ಟೋನ್ ಗುಂಡಿಗಳಿಗಿಂತ ಮುಂಚೆಯೇ ತೆಗೆಯುತ್ತೇನೆ, ಆಗ ವೇದಿಕೆಯಲ್ಲಿ ನಾನು ಏನು ತಿರುಗಿಸಿದರೂ ಸಭಾಗೃಹದ ನಾದ ಕೆಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಕೋನಿಗೆ ಬೂಷ್ಟು ಹಿಡಿಯದಂತೆ ವಾರಕ್ಕೆರಡು ಸಲವಾದರೂ ಅರ್ಧ ಗಂಟೆ ನುಡಿಸಲೇಬೇಕು. ಜ್ಯಾಕುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯುತ್ತೇನೆ.

ಕಳೆದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಆಕ್ಟೋಪ್ಯಾಡ್, ಡೋಲಕ್, ಎರಡು ಕೀಬೋರ್ಡುಗಳ ಎದುರು ಮಾಸ್ಟರ್ ವಾಲ್ಯೂಮ್ ಅರ್ಧ ದಾಟಲಿಲ್ಲ. ಪೆಟ್ಟಿಗೆಯನ್ನು ಹಿಂದಕ್ಕೆ ವಾಲಿಸಿ ಸ್ಪೀಕರಿನ ಮುಖವನ್ನು ಮೊಣಕಾಲಿನ ಬದಲು ಕಿವಿಗೆ ತಿರುಗಿಸಿದ್ದೇ ಅದಕ್ಕೆ ಮುಖ್ಯ ಕಾರಣ. ಇದಕ್ಕಾಗಿ ಎಂಟಾಣೆಯೂ ಖರ್ಚಾಗಲಿಲ್ಲ. ಹೆಡ್, ಡ್ರೈವರ್, ಪೆಟ್ಟಿಗೆ, ಫಿಲ್ಟರ್, ಡಿಐ ಎಲ್ಲ ಸೇರಿ ಸುಮಾರು ಐವತ್ತು ಸಾವಿರ ಆಗಿರಬೇಕು, ಹಾಳಾದ ಎಂಡಿಎಫ್ ಪೆಟ್ಟಿಗೆಯ ಲೆಕ್ಕ ಬಿಟ್ಟು. ತೆರೆದ ಮೈದಾನದಲ್ಲಿ, ಪಿಎ ಇಲ್ಲದೆ ಪೂರ್ಣ ಡ್ರಮ್ ಸೆಟ್ಟಿನ ಜೊತೆ ನುಡಿಸಬೇಕಾದರೆ ಇದು ಸಾಲದು. ಅದಕ್ಕಾಗಿ ಇಂಥದ್ದೇ 8 ಓಮಿನ ಇನ್ನೊಂದು ಪೆಟ್ಟಿಗೆಗೆ ಬಡಗಿಗೆ ಮುಂಗಡ ಕೊಟ್ಟಿದ್ದೇನೆ. ಎರಡೂ ಸೇರಿ 4 ಓಮ್ ಆದಾಗ ಹೆಡ್ಡಿನ ಪೂರ್ಣ ವ್ಯಾಟ್ ಸಿಗುತ್ತದೆ, ಒಟ್ಟು 5-6 ಡೆಸಿಬೆಲ್ ಏರಿಕೆಯನ್ನು ನಿರೀಕ್ಷಿಸಿದ್ದೇನೆ.