ಶೃಂಗೇರಿಗೆ 14 ಸೈಕಲ್, ಎರಡು ಬಗೆಯ ವಾಲ್ವ್

ವಾಟ್ಸಾಪ್‌ನಲ್ಲಿ "ನಾನೂ ಬರ್ತೇನೆ" ಅಂದವರು 31 ಜನ. ಮುಂಗಡ 500 ರೂಪಾಯಿ ಹಾಕಿ ಅಂದ ಕೂಡಲೇ 14ಕ್ಕೆ ಇಳಿಯಿತು. ಒಳ್ಳೆಯದೇ ಆಯ್ತು ಬಿಡಿ, ಅದಕ್ಕಿಂತ ಜಾಸ್ತಿ ಜನರನ್ನು ಸುಧಾರಿಸುವುದು ನನ್ನಿಂದ ಆಗುವ ಕೆಲಸ ಅಲ್ಲ.

ದಾರಿ ಇಷ್ಟೇ. ಉಡುಪಿಯಿಂದ ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ, ಆಗುಂಬೆ, ಶೃಂಗೇರಿ. ರಾತ್ರಿ ಅಲ್ಲೇ ಉಳಿದು ಮರುದಿನ ಅದೇ ದಾರಿಯಲ್ಲಿ ವಾಪಸ್. ಹೋಗಿ ಬರಲು 160 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಬರುವಾಗ ಕೆರೆಕಟ್ಟೆ, ಮಾಳ ಘಾಟಿ ಇಳಿದು ಕಾರ್ಕಳದ ಮೇಲೆ ಬರೋಣ ಅಂತ ಕೆಲವರು ಹಠ ಹಿಡಿದರು. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ದಾರಿ. ಬೇಕಾದಲ್ಲಿ ನಿಂತು ಹಿಂದಿನವರಿಗೆ ಕಾಯುತ್ತಾ, ಅವಲಕ್ಕಿ ತಿನ್ನುತ್ತಾ ಹೋಗುವ ಜಾಗ ಅಲ್ಲ. ಬೇಡ ಅಂದೆ.

ಎರಡು ವರ್ಷದ ಹಿಂದೆ ಇದನ್ನೇ ಮಾಡಲು ಹೋಗಿ ಕೆಡಿಸಿದ್ದೆ. ಆಗ ನನ್ನ ಸ್ಪೀಡಿನಲ್ಲಿ ಲೆಕ್ಕ ಹಾಕಿ ಏಳು ಗಂಟೆಗೆ ಹೊರಟು, ಹನ್ನೊಂದೂವರೆಯ ಬಿಸಿಲಲ್ಲಿ ಘಾಟಿಯ ಬುಡದಲ್ಲಿ ನಿಂತಿದ್ದೆವು. ಕರಾವಳಿಯ ಸೆಕೆ ಗೊತ್ತಲ್ವಾ, ಅಷ್ಟು ಹೊತ್ತಿಗೆ ಮೈಯಲ್ಲಿದ್ದ ನೀರೆಲ್ಲ ಅಂಗಿಯಲ್ಲಿತ್ತು. ಮೂವರು ಅಲ್ಲಿಂದಲೇ ಟೆಂಪೊ ಹತ್ತಿದರು. ಈ ಸಲ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರು ಅಂತ ಮೊದಲು ನೋಡಿದೆ. ಮೊನ್ನೆ ಮೊನ್ನೆ ರಿಟೈರ್ ಆದ ಒಬ್ಬ ಮೇಷ್ಟ್ರು. ದಪ್ಪ ಟೈರಿನ ಮೌಂಟನ್ ಬೈಕಿನಲ್ಲಿ ಅವರದ್ದು ಗಂಟೆಗೆ 14 ಕಿ.ಮೀ. ಇಡೀ ವೇಳಾಪಟ್ಟಿ ಆ 14ರ ಮೇಲೆ ಮಾಡಿದೆ. ಬೆಳಿಗ್ಗೆ 4.45ಕ್ಕೆ ಉಡುಪಿಯ ಕಲ್ಸಂಕದಿಂದ ಹೊರಡುವುದು, ಏಳೂವರೆಗೆ ಹೆಬ್ರಿಯಲ್ಲಿ ಬನ್ಸ್, ಬಿಸಿಲು ಏರುವ ಮೊದಲು ಘಾಟಿ. ಎಲ್ಲರ ಹಿಂದೆ ನಾನು. ಸಂಘಟನೆ ಮಾಡಿದವನು ಮುಂದೆ ಹೋದರೆ ಅವನಿಗೆ ಫೋಟೊ ಬಿಟ್ಟು ಬೇರೆ ಏನೂ ಸಿಗುವುದಿಲ್ಲ.

ಬರೀ ಡಾಮರಾದರೆ ಮೌಂಟನ್ ಬೈಕ್ ಯಾಕೆ ಅಂತ ಕೇಳಬಹುದು. ಪೆರ್ಡೂರು ದಾಟಿದ ಮೇಲೆ ತೋಟಗಳ ನಡುವೆ ಒಂದು ಮಣ್ಣುರಸ್ತೆ ಹುಡುಕಿದ್ದೆ. ಕಾಡೊಳಗೆ ನುಗ್ಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಇದಕ್ಕೆ ಬೇಡ. ಆದರೂ 14 ಜನ ಒಟ್ಟಿಗೆ ಹೋದರೆ ಯಾರಿಗಾದರೂ ಕಿರಿಕಿರಿಯೇ. ಎರಡು ವಾರ ಮೊದಲು ಹೋಗಿ ಅಲ್ಲಿನ ಮನೆಯ ಅಜ್ಜನನ್ನು ಕೇಳಿದೆ. "ರಸ್ತೆ ಪಂಚಾಯತಿಂದು, ನಾಯಿ ನಮ್ದು. ಬರುವ ದಿನ ಒಂದು ಫೋನ್ ಮಾಡಿ ಮಾರಾಯ್ರೆ, ಕಟ್ಟಿ ಹಾಕ್ತೇನೆ" ಅಂದರು.

ಇಷ್ಟೆಲ್ಲ ಮಾಡಿದವನಿಗೆ ಟ್ಯೂಬಿನ ವಿಷಯ ಹೊಳೆಯಲಿಲ್ಲ. ಆಗುಂಬೆ ಘಾಟಿಗೆ 14 ಹೇರ್‌ಪಿನ್ ತಿರುವು. ಏಳನೆಯದರಲ್ಲಿ ಮೇಷ್ಟ್ರ ಹಿಂದಿನ ಚಕ್ರ ಪಂಚರ್. ಟೈರಿಗೆ ಚುಚ್ಚಿದ ತಂತಿ ಟ್ಯೂಬನ್ನು ಸೀಳಿಯೇ ಬಿಟ್ಟಿತ್ತು, ಪ್ಯಾಚಿಗೆ ನಿಲ್ಲುವಂಥದ್ದಲ್ಲ. ತೊಂದರೆ ಇಲ್ಲ, ಎಲ್ಲರ ಹತ್ತಿರವೂ ಟ್ಯೂಬ್ ಇದೆಯಲ್ಲ ಅಂದುಕೊಂಡೆ. ಒಬ್ಬೊಬ್ಬರದ್ದೇ ತೆಗೆದು ನೋಡಿದರೆ ಎಲ್ಲವೂ ಕಾರಿನ ಟೈರಿನ ಹಾಗೆ ದಪ್ಪ ವಾಲ್ವಿನದ್ದು. ಮೇಷ್ಟ್ರ ರಿಮ್ಮಿನ ತೂತು ಸಪೂರ, ಪ್ರೆಸ್ಟಾ ವಾಲ್ವಿಗೆ ಮಾತ್ರ ಆಗುವಂಥದ್ದು. 26 ಇಂಚಿನ ಟ್ಯೂಬನ್ನು 27.5ರ ಚಕ್ರಕ್ಕೆ ಎಳೆದು ಹಾಕಿ ಹೇಗೋ ಸುಧಾರಿಸಬಹುದು, ದಪ್ಪ ವಾಲ್ವನ್ನು ಸಪೂರ ತೂತಿಗೆ ತುರುಕಲು ಆಗುವುದಿಲ್ಲ. ಮೇಲೆ ಮುಟ್ಟಿದ್ದ ಒಬ್ಬ ಹುಡುಗನ ಬ್ಯಾಗಿನಲ್ಲಿ ಒಂದು ಸಿಕ್ಕಿತು. ಅವನು ಅದನ್ನು ಹಿಡಿದು ಏಳು ತಿರುವು ಇಳಿದು ಬಂದ, ಮತ್ತೆ ಹತ್ತಿದ. ಬೈಯಲಿಲ್ಲ, ಶೃಂಗೇರಿಯಲ್ಲಿ ಅವನ ಕಾಫಿ ತಿಂಡಿಯ ದುಡ್ಡು ನನ್ನದು ಅಂತ ಮಾತ್ರ ಹೇಳಿದ. ಈಗ ಮುಂಗಡದ ಜೊತೆಗೆ ಚಕ್ರದ ಅಳತೆ, ವಾಲ್ವ್ ದಪ್ಪವೋ ಸಪೂರವೋ ಎರಡನ್ನೂ ಬರೆದು ಕಳಿಸಲು ಹೇಳುತ್ತೇನೆ.

ಇಳಿಯುವಾಗ ನನಗೆ ಹತ್ತುವಾಗಿನಕ್ಕಿಂತ ಹೆದರಿಕೆ ಜಾಸ್ತಿ. ಮಂಜು, ಒದ್ದೆ ರಸ್ತೆ, ತಿರುವಿನಲ್ಲಿ ಎದುರಿಗೆ ಮಿನಿ ಬಸ್. ಒಬ್ಬರು ಹೊರಟು ಒಂದು ನಿಮಿಷ ಆದ ಮೇಲೆ ಇನ್ನೊಬ್ಬರು, ಓವರ್‌ಟೇಕ್ ಇಲ್ಲ ಅಂತ ನಿಯಮ ಮಾಡಿದ್ದೆ. ತಿರುವಿನ ಒಳಗೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ, ವೇಗ ಕಡಿಮೆ ಮಾಡುವುದಿದ್ದರೆ ಮೊದಲೇ ಮಾಡಬೇಕು. ಒತ್ತಿ ಹಿಡಿದುಕೊಂಡೇ ಬಂದ ಒಬ್ಬರ ಡಿಸ್ಕ್ ಬಿಸಿಯಾಗಿ ವಾಸನೆ ಬರುತ್ತಿತ್ತು, ಹತ್ತು ನಿಮಿಷ ಕೂರಿಸಿದೆ. ಯಾರೂ ಬೀಳಲಿಲ್ಲ.

ಮಣ್ಣುರಸ್ತೆಗೆ ನಾನು, ಮೇಷ್ಟ್ರು ಬರುವಾಗ ಮಧ್ಯಾಹ್ನ ಎರಡು ಗಂಟೆ. ಅಜ್ಜ ಬೇಲಿ ಹತ್ತಿರ ಚೈನು ಹಿಡಿದು ನಿಂತಿದ್ದರು. "ಹನ್ನೆರಡು ಆಗಲೇ ಹೋಯಿತು, ನೀವಿಬ್ಬರು. ಲೆಕ್ಕ ಸರಿ ಆಯ್ತಲ್ಲ? ಇನ್ನು ನಾಯಿ ಬಿಡ್ಲಾ?"

"ತಿರುವು ದಾಟ್ಲಿಕ್ಕೆ ಬಿಡಿ ಅಜ್ಜ" ಅಂದರು ಮೇಷ್ಟ್ರು. ಎರಡು ದಿನದಲ್ಲಿ ಅವರು ಅಷ್ಟು ಜೋರಾಗಿ ಪೆಡಲ್ ತುಳಿದದ್ದು ಅದೊಂದೇ ಸಲ.