ಮಿನಿಡಿವಿ ಟೇಪಿನ ಯಕ್ಷಗಾನ ಡಿವಿಡಿಗೆ ಇಳಿಸಿದ ಬಗೆ

ಕುಂದಾಪುರದ ಕಡೆ ನಡೆಯುವ ಯಕ್ಷಗಾನದ ಆಟಗಳನ್ನು ನಾನು ಮಿನಿಡಿವಿ (ಸಣ್ಣ ಡಿಜಿಟಲ್ ವಿಡಿಯೊ ಟೇಪ್) ಕ್ಯಾಮರಾದಲ್ಲಿ ಹಿಡಿದಿಟ್ಟಿದ್ದೇನೆ. ಅವನ್ನು ಡಿವಿಡಿಗೆ ಇಳಿಸುವಾಗ ನಾನು ಮುಖ್ಯವಾಗಿ ನೋಡುವುದು ಒಂದೇ: ಯಾವ ಹಂತದಲ್ಲಿ ಚಿತ್ರ ಕೆಡುತ್ತದೆ, ಯಾವುದರಲ್ಲಿ ಕೆಡುವುದಿಲ್ಲ. ಇದು ತಿಳಿದರೆ ಸಾಫ್ಟ್‌ವೇರ್‌ನಲ್ಲಿ ಕಾಣುವ ಹೆಸರುಗಳು ಅಷ್ಟೇನೂ ಗೊಂದಲ ಮಾಡುವುದಿಲ್ಲ.

ಮೊದಲು ಕ್ಯಾಪ್ಚರ್. ಫೈರ್‌ವೈರ್ ಕೇಬಲ್ ಹಾಕಿ ಕ್ಯಾಮರಾದಲ್ಲಿ ಟೇಪ್ ಓಡಿಸಿದರೆ ಕಂಪ್ಯೂಟರಿಗೆ ಬರುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಟೇಪಿನಲ್ಲಿ ಇರುವುದೇ ಡಿಜಿಟಲ್ ಮಾಹಿತಿ, ಹಾಗಾಗಿ ಇದ್ದದ್ದು ಇದ್ದ ಹಾಗೇ ಇಳಿಯುತ್ತದೆ. ಗಂಟೆಗೆ ಸುಮಾರು 13 ಜಿಬಿ. ಹಾರ್ಡ್‌ಡಿಸ್ಕಿನ ಫಾರ್ಮ್ಯಾಟ್, ಅಂದರೆ ಫೈಲು ಜೋಡಿಸಿಡುವ ಪದ್ಧತಿ, ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32 ಆದರೆ ಒಂದು ಫೈಲು 4 ಜಿಬಿ ದಾಟುವುದಿಲ್ಲ, 20 ನಿಮಿಷ ಆಗುವ ಮೊದಲೇ ತುಂಡಾಗುತ್ತದೆ. ಕೊನೆಗೆ ‘ಡ್ರಾಪ್ಡ್ ಫ್ರೇಮ್ಸ್’ (ಇಳಿಸುವಾಗ ತಪ್ಪಿಹೋದ ಫ್ರೇಮುಗಳ ಲೆಕ್ಕ) ಸೊನ್ನೆ ಇದೆಯಾ ನೋಡಿ. ಇಲ್ಲದಿದ್ದರೆ ಆ ಭಾಗ ಮತ್ತೆ ಓಡಿಸಿ.

ಚಿತ್ರ ಕೆಡುವುದು ಎನ್‌ಕೋಡಿಂಗ್‌ನಲ್ಲಿ, ಅಂದರೆ ವಿಡಿಯೊವನ್ನು ಬೇರೆ ರೂಪಕ್ಕೆ ಬದಲಿಸುವಾಗ. ಡಿವಿಡಿ ಪ್ಲೇಯರಿಗೆ ಬೇಕಾದದ್ದು ಎಂಪೆಗ್-2 ರೂಪದ ವಿಡಿಯೊ. ಅಷ್ಟು ದೊಡ್ಡ ಫೈಲನ್ನು ಹಿಂಡಿ ಸಣ್ಣದು ಮಾಡಬೇಕು, ಆಗ ಸ್ವಲ್ಪ ವಿವರ ಹೋಗಿಯೇ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದನ್ನು ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿಗೆ ಕೊಡುವ ಮಾಹಿತಿಯ ಪ್ರಮಾಣ, ತೀರ್ಮಾನಿಸುತ್ತದೆ. ಲೆಕ್ಕ ಸುಲಭ. ಡಿಸ್ಕಿನಲ್ಲಿ ಹಿಡಿಯುವುದು 4.7 ಜಿಬಿ (ವಿಂಡೋಸ್ ಅದನ್ನೇ 4.38 ಅಂತ ತೋರಿಸುತ್ತದೆ, ಗಾಬರಿ ಬೇಡ). ಎರಡು ಗಂಟೆಗೆ ಹಂಚಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್, ಧ್ವನಿಯೂ ಸೇರಿ. ಮದುವೆ ಊಟದ ಸಾಲಿಗೆ ಇದು ಸಾಕು. ಯಕ್ಷಗಾನಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಚಂಡೆ ಏರಿ ವೇಷಧಾರಿ ಗಿರ್ಕಿ ಹೊಡೆಯುವಾಗ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಹಾಗಾಗಿ ಒಂದು ಡಿಸ್ಕಿಗೆ 75 ನಿಮಿಷಕ್ಕಿಂತ ಜಾಸ್ತಿ ಹಾಕುವುದಿಲ್ಲ, ಬಿಟ್‌ರೇಟ್ 7 ಮೆಗಾಬಿಟ್‌ನ ಮೇಲೆಯೇ ಇಡುತ್ತೇನೆ. ‘ಟೂ ಪಾಸ್ ವಿಬಿಆರ್’ ಆರಿಸಿದರೆ ಇನ್ನೂ ಒಳ್ಳೆಯದು. ಸಾಫ್ಟ್‌ವೇರ್ ಮೊದಲು ಇಡೀ ವಿಡಿಯೊ ನೋಡಿ, ಮಾತಿನ ಭಾಗಕ್ಕೆ ಕಡಿಮೆ, ಕುಣಿತಕ್ಕೆ ಹೆಚ್ಚು ಬಿಟ್ ಹಂಚುತ್ತದೆ.

ಇಲ್ಲೇ ಇನ್ನೊಂದು ವಿಷಯ ಇದೆ, ಫೀಲ್ಡ್ ಆರ್ಡರ್. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು. ಪ್ರತಿ ಫ್ರೇಮಿನಲ್ಲೂ ಒಂದು ಬಿಟ್ಟು ಒಂದು ಗೆರೆಯ ಎರಡು ಫೀಲ್ಡುಗಳು. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು. ಎನ್‌ಕೋಡರ್‌ನಲ್ಲಿ ಅದನ್ನು ಉಲ್ಟಾ ಕೊಟ್ಟರೆ ನಿಂತ ಚಿತ್ರದಲ್ಲಿ ಏನೂ ಗೊತ್ತಾಗುವುದಿಲ್ಲ. ಕುಣಿತ ಶುರುವಾದ ಕೂಡಲೇ ಟಿವಿಯಲ್ಲಿ ವೇಷಧಾರಿಯ ತಲೆಯ ಕೇದಗೆ ಮುಂದಲೆಯ ಅಂಚು ಹಿಂದೆ ಮುಂದೆ ನಡುಗುತ್ತದೆ. ಅದಕ್ಕೇ ಒಂದು ನಿಮಿಷದ ಗಿರ್ಕಿಯನ್ನು ಆರ್‌ಡಬ್ಲ್ಯೂ ಡಿಸ್ಕಿಗೆ ಹಾಕಿ ಟಿವಿಯಲ್ಲೇ ನೋಡುತ್ತೇನೆ. ಅಳಿಸಿ ಮತ್ತೆ ಬರೆಯಬಹುದು ಅಲ್ವಾ?

ಆಮೇಲೆ ಆಥರಿಂಗ್. ಮೆನು, ಅಧ್ಯಾಯ ಜೋಡಿಸಿ ಡಿವಿಡಿ ಪ್ಲೇಯರ್ ಓದುವ ‘ವಿಡಿಯೊ ಟಿಎಸ್’ ಫೋಲ್ಡರ್ ಮಾಡುವುದು. ಪದ್ಯ ಬದಲಾದಲ್ಲೆಲ್ಲ ಒಂದು ಅಧ್ಯಾಯ ಇಡುತ್ತೇನೆ. ಭಾಗವತಿಕೆ ಕಲಿಯುವವರಿಗೆ ಅದು ತುಂಬಾ ಉಪಯೋಗ.

ಡಿಸ್ಕ್ ರೈಟ್ ಮಾಡುವಾಗ ಚಿತ್ರ ಕೆಡುವುದಿಲ್ಲ. ಒಂದೋ ಸರಿಯಾಗಿ ಬರೆಯುತ್ತದೆ, ಇಲ್ಲಾ ಡಿಸ್ಕೇ ಹೋಗುತ್ತದೆ. ನೇರವಾಗಿ ಬರೆಯದೆ ಮೊದಲು ಐಎಸ್‌ಒ ಇಮೇಜ್ (ಇಡೀ ಡಿಸ್ಕಿನ ಪ್ರತಿ ಒಂದೇ ಫೈಲಾಗಿ) ಮಾಡಿಕೊಳ್ಳುತ್ತೇನೆ, ಹತ್ತು ಜನ ಕೇಳಿದರೂ ಅದೇ ಫೈಲು ಸಾಕು. ಹಳೆಯ ಪ್ಲೇಯರುಗಳಿಗೆ ಡಿವಿಡಿ ಮೈನಸ್ ಆರ್ (ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿನ ಒಂದು ಬಗೆ) ಹೆಚ್ಚು ಹೊಂದುತ್ತದೆ. ಡಿಸ್ಕಿನ ಮೇಲೆ ಬರೆಯುವ ವೇಗ 16ಎಕ್ಸ್ ಅಂತ ಇದ್ದರೂ 8ಎಕ್ಸ್‌ನಲ್ಲೇ ಬರೆಯುತ್ತೇನೆ, ಸುಮಾರು ಎಂಟು ನಿಮಿಷ ಹಿಡಿಯುತ್ತದೆ. ಫೈನಲೈಸ್ ಮಾಡದಿದ್ದರೆ, ಅಂದರೆ ಬರೆದದ್ದನ್ನು ಮುಗಿಸಿ ಮುಚ್ಚದಿದ್ದರೆ, ಬೇರೆ ಪ್ಲೇಯರ್ ಅದನ್ನು ಓದದೇ ಹೋಗಬಹುದು. ಕೊನೆಗೆ ವೆರಿಫೈ, ಬರೆದದ್ದು ಸರಿ ಇದೆಯಾ ಅಂತ ತಾಳೆ ನೋಡುವುದು. ಹೊರಗೆ ತೆಗೆದು ಓರೆಯಾಗಿ ಬೆಳಕಿಗೆ ಹಿಡಿದರೆ, ನಡುವಿನಿಂದ ಹೊರಕ್ಕೆ ಎಷ್ಟು ಬರೆದಿದೆಯೋ ಅಷ್ಟರ ಬಣ್ಣ ಬೇರೆಯೇ ಕಾಣುತ್ತದೆ.

ಡಿವಿಡಿ ಮಾಡಿಯಾಯಿತು ಅಂತ ಮೂಲ ಡಿವಿ ಫೈಲನ್ನು ಮಾತ್ರ ಅಳಿಸಬೇಡಿ. ಹಿಂಡುವಾಗ ಹೋದದ್ದು ಡಿಸ್ಕಿನಿಂದ ವಾಪಸ್ ಬರುವುದಿಲ್ಲ. ನಾನು ಎರಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೇನೆ, ಫೈಲಿನ ಹೆಸರಲ್ಲೇ ಪ್ರಸಂಗ, ಮೇಳ, ತಾರೀಖು ಇರುತ್ತದೆ.